ಕಾಲು ಕಿಲೋ ಪೇರಲ

ಶ್ರಾವಣಿ, ಸನ್ಮತಿ,

ದೀಪಾವಳಿ ರಜೆಗೆ ಹುಕ್ಕೇರಿಗೆ ಬಂದಾಗ, ಆಯಿ, ಅಂದರೆ ಈ ನಿಮ್ಮ ಅಜ್ಜಿ, ಮೊದಲು ಯಾಕೆ ನಕ್ಕಳು, ಆಮೇಲೆ ಯಾಕೆ ಅತ್ತಳು ಎಂದು ಇಬ್ಬರೂ ಕೇಳಿದಿರಿ. ನಾನು ಕಣ್ಣಲ್ಲಿ ಹೊಗೆ ಹೋಯಿತೆಂದು ಹೇಳಿದೆ. ಗ್ಯಾಸಿನ ಒಲೆಗೆ ಎಲ್ಲಿಯ ಹೊಗೆ ಎಂದು ಸನ್ಮತಿ ಹಿಡಿದುಬಿಟ್ಟ. ನನ್ನ ಸ್ವಭಾವ ನಿಮಗೆ ಗೊತ್ತು. ನಾಲ್ಕು ಜನ ನನ್ನ ಮುಖ ನೋಡುತ್ತಿದ್ದರೆ ಗಂಟಲಿನಲ್ಲಿಯೇ ಮಾತು ಒಣಗುತ್ತದೆ. ಬರೆಯುವಾಗ ಯಾರ ಮುಖವನ್ನೂ ನೋಡಬೇಕಾಗಿಲ್ಲ. ಅದಕ್ಕೆ ಬರೆಯುತ್ತಿದ್ದೇನೆ. ನಾನು ತುಕ್ಕಾನಟ್ಟಿಯ ಕನ್ನಡ ಸಾಲೆಯಲ್ಲಿ ಏಳನೆಯ ಇಯತ್ತೆಯವರೆಗೆ ಕಲಿತವಳು. ತಪ್ಪು ಕಂಡರೆ ನಿಮ್ಮ ಅವ್ವ ತಿದ್ದಲಿ, ಅವಳ ಕೆಲಸವೇ ಅದು.

ಅವಳು ಬೆಳಗಾವಿಯ ಕಾಲೇಜಿನಿಂದ ತಂದಿದ್ದ ಆ ಕಪ್ಪು ಡಬ್ಬಿಯಂಥ ಕನ್ನಡಕವನ್ನು ನೀವು ಹಟ ಹಿಡಿದು ನನ್ನ ತಲೆಗೆ ಕಟ್ಟಿದಿರಿ. ನರ್ಸಿಂಗ್ ಓದುವ ಹುಡುಗಿಯರಿಗೆ ಅವಳು ಜರ್ಮನ್ ಕಲಿಸುವಾಗ ಅದನ್ನೂ ಬಳಸುತ್ತಾಳೆಂದು ಆವತ್ತೇ ನನಗೆ ತಿಳಿದದ್ದು. ಕಟ್ಟಿದ ಕೂಡಲೇ ನಮ್ಮ ಪಡಸಾಲೆ ಮಾಯವಾಯಿತು. ನಾನು ಯಾವುದೋ ಊರಿನ ಬ್ರೆಡ್ಡಿನ ಅಂಗಡಿಯಲ್ಲಿ ನಿಂತಿದ್ದೆ. ಗಾಜಿನ ಹಿಂದೆ ಕಂದು ಬಣ್ಣದ ದಪ್ಪ ದಪ್ಪ ಬ್ರೆಡ್ಡು, ಕಿಟಕಿಯ ಆಚೆ ಬೀಳುತ್ತಿರುವ ಹಿಮ, ಎದುರಿಗೆ ಬಿಳಿ ಅಂಗಿಯ ಮೇಲೆ ಪಟ್ಟಿ ಕಟ್ಟಿಕೊಂಡ ಒಬ್ಬ ಹೆಂಗಸು. ತಿರುಗಿ ನೋಡಿದರೆ ಬೆನ್ನ ಹಿಂದೆಯೂ ಅದೇ ಅಂಗಡಿ. ಬ್ರೆಡ್ಡು ಮುಟ್ಟಲು ಕೈ ಚಾಚಿ ನೀರಿನ ತಂಬಿಗೆ ಉರುಳಿಸಿದೆ, ನೀವು ಬಿದ್ದು ಬಿದ್ದು ನಕ್ಕಿರಿ.

"ಅವ್ವಾ, ಏನ ಬೇಕಂತ ಕೇಳಾಕತ್ತಾಳ ಆಕಿ. ಬ್ರೆಡ್ಡಿಗಿ ಬ್ರೋಟ್ ಅನ್ನು," ಎಂದು ನಿಮ್ಮ ಅವ್ವ ಕಿವಿಯಲ್ಲಿ ಹೇಳಿಕೊಟ್ಟಳು.

ನಾನು "ಬುಟ್ಟಿ" ಎಂದೆನಂತೆ. ಆ ಹೆಂಗಸು ಸಿಟ್ಟಾಗಲಿಲ್ಲ. ಮುಖ ಮುಂದೆ ತಂದು, ನಗುತ್ತ, "ನೋಖ್ ಮಾಲ್, ಬಿಟ್ಟೆ" ಎಂದಳು.

ಅಷ್ಟೇ ಸಾಕಾಯಿತು. ಆ ಬ್ರೆಡ್ಡಿನ ಅಂಗಡಿಯೂ ಮಾಯವಾಗಿ, ನಿಮ್ಮ ಅವ್ವನಿಗೆ ಐದು ತುಂಬಿದ ವರ್ಷದ ಮಳೆಗಾಲ ನನ್ನ ಕಣ್ಣ ಮುಂದೆ ಬಂದು ನಿಂತಿತು.

ಈಗ ಕಾಲೇಜಿನ ಮೆಟ್ಟಿಲು ಹತ್ತಿ ಇಳಿಯುವ ನಿಮ್ಮ ಅವ್ವ ಪದ್ಮಜಾ ಆಗ ನಡೆಯುತ್ತಿರಲಿಲ್ಲ. ಎರಡು ವರ್ಷದವಳಿದ್ದಾಗ ಬಂದ ಜ್ವರ ಅವಳ ಬಲಗಾಲಿನ ಶಕ್ತಿಯನ್ನು ಒಯ್ದುಬಿಟ್ಟಿತ್ತು. ಮೊಣಕಾಲು ಮಡಚಿಕೊಂಡೇ ಇರುತ್ತಿತ್ತು. ಕೂತಲ್ಲಿಂದ ತೆವಳಿಕೊಂಡು ಬಾಗಿಲವರೆಗೆ ಹೋಗಿ, ಸಾಲೆಗೆ ಹೋಗುವ ಮಕ್ಕಳನ್ನು ನೋಡುತ್ತ ಕೂಡುತ್ತಿದ್ದಳು. ಬಸ್ ಕಂಡಕ್ಟರ್ ಆಗಿದ್ದ ನಿಮ್ಮ ಅಜ್ಜ ಮನೆಯಲ್ಲಿದ್ದಷ್ಟು ಹೊತ್ತು ಅವಳನ್ನು ಹೆಗಲ ಮೇಲೆ ಹೊತ್ತು ತಿರುಗುತ್ತಿದ್ದರು. ಬರುವ ಜೂನಿನಲ್ಲಿ ಅವಳನ್ನು ಸಾಲೆಗೆ ಹಾಕಬೇಕಿತ್ತು.

ಆ ವರ್ಷ ಹುಕ್ಕೇರಿಯಲ್ಲಿ ಒಂದು ಬಾಡಿಗೆ ಮನೆಯಲ್ಲಿ ಇಂಥ ಮಕ್ಕಳಿಗಾಗಿ ವ್ಯಾಯಾಮದ ಕೇಂದ್ರವೊಂದು ಶುರುವಾಯಿತು. ಬೆಳಗಾವಿಯಿಂದ ದೊಡ್ಡ ಡಾಕ್ಟರು ವಾರಕ್ಕೊಮ್ಮೆ ಬರುತ್ತಿದ್ದರು. ಉಳಿದ ದಿನ ಅಲ್ಲಿ ಇರುತ್ತಿದ್ದವಳು ಹಾನ್ನಾ. ಜರ್ಮನಿಯಿಂದ ಒಂದು ವರ್ಷದ ಮಟ್ಟಿಗೆ ಬಂದಿದ್ದ, ಜೋಳದ ತೆನೆಯ ಬಣ್ಣದ ಕೂದಲಿನ, ಉದ್ದನೆಯ ಹುಡುಗಿ. ಮಕ್ಕಳ ಕೈಕಾಲು ತಿದ್ದುವ ವಿದ್ಯೆ ಕಲಿತವಳು. ಊರವರ ಬಾಯಿಯಲ್ಲಿ ಅವಳು ಬಿಳಿಬಾಯಾರು, ಬಿಳಿಯ ಅಮ್ಮನವರು. ಡಾಕ್ಟರು ನಮಗೆ ಒಂದೇ ಮಾತು ಹೇಳಿದ್ದರು: ಈ ಮೊಣಕಾಲನ್ನು ದಿನಾಲೂ ಮನೆಯಲ್ಲಿ ನೀವೇ ನೀವಿ ನೀವಿ ನೆಟ್ಟಗೆ ಮಾಡಬೇಕು. ನೆಟ್ಟಗಾದರೆ ಕಬ್ಬಿಣದ ಪಟ್ಟಿಯ ಬೂಟು ಹಾಕಿಸಿ ನಡೆಸಬಹುದು. ಆಗದಿದ್ದರೆ ಹೀಗೆಯೇ ಗಟ್ಟಿಯಾಗಿಬಿಡುತ್ತದೆ.

ಮೊದಲ ದಿನ ಹಾನ್ನಾ ಪದ್ಮಜಾಳ ಕಾಲನ್ನು ನನ್ನ ಕೈಯಲ್ಲಿ ಕೊಟ್ಟು, ಹೇಗೆ ಚಾಚಬೇಕೆಂದು ತೋರಿಸಿದಳು. ನಾನು ಚಾಚಿದೆ. ಅವಳು, "ನೋಖ್ ಮಾಲ್, ಬಿಟ್ಟೆ!" ಎಂದಳು. ನಾವು ಜೈನರ ಮನೆಯವರು, ನಮ್ಮ ಕಿವಿಯಲ್ಲಿ ಕನ್ನಡದ ಬಾಜೂಕ್ಕೇ ಮರಾಠಿ ಕೂತಿರುತ್ತದೆ. ಮರಾಠಿಯಲ್ಲಿ ನಕೋ ಎಂದರೆ ಬೇಡ. ನನಗೆ ಕೇಳಿಸಿದ್ದು, "ನಕೋ ಮಾಲ, ಬಿಟ್ಟೆ." ಈ ಮಾಲು ಬೇಡ, ಬಿಟ್ಟುಬಿಟ್ಟೆ! ನನ್ನ ಮಗಳನ್ನು ನೋಡಿ ಹೀಗೆಂದಳಲ್ಲ! ನಾನೂ ಕಾಲು ಬಿಟ್ಟೆ. ಅವಳು ಮತ್ತೆ ಕಾಲು ನನ್ನ ಕೈಯಲ್ಲಿಟ್ಟು, "ನೋಖ್ ಮಾಲ್, ಬಿಟ್ಟೆ" ಎಂದಳು. ನಾನು ಮತ್ತೆ ಬಿಟ್ಟೆ. ಅವಳ ಜರ್ಮನ್ ಮಾತಿನಲ್ಲಿ ನೋಖ್ ಮಾಲ್ ಎಂದರೆ ಇನ್ನೊಮ್ಮೆ, ಬಿಟ್ಟೆ ಎಂದರೆ ದಯವಿಟ್ಟು. ಅದು ತಿಳಿಯುವ ಹೊತ್ತಿಗೆ ಎರಡು ವಾರ ಹೋಗಿದ್ದವು. ಸಂಕೇಶ್ವರದ ಕಡೆಯ ತಾಯಂದಿರೂ ನನ್ನ ಹಾಗೆಯೇ ಪ್ರತಿ ಸಲ ಕಾಲು ಬಿಟ್ಟು ಕೂಡುತ್ತಿದ್ದರಂತೆ.

ಡಾಕ್ಟರು ನಿಮ್ಮ ಅಜ್ಜನ ಮುಂದೆ ಪೇಚಾಡಿಕೊಂಡರು. ತಾಯಂದಿರಿಗೆ ಅವಳ ಮಾತು ತಿಳಿಯದಿದ್ದರೆ ಅವಳು ಇಲ್ಲಿದ್ದು ಪ್ರಯೋಜನವಿಲ್ಲ, ದೀಪಾವಳಿಯವರೆಗೆ ನೋಡಿ ಇಂಗ್ಲಿಷ್ ನಡೆಯುವ ದೊಡ್ಡ ಊರಿನ ಆಸ್ಪತ್ರೆಗೆ ಕಳಿಸುತ್ತೇವೆ ಎಂದರು. ನಿಮ್ಮ ಅಜ್ಜ ಮನೆಗೆ ಬಂದು ಟೋಪಿ ತೆಗೆಯುವ ಮೊದಲೇ ನನಗೆ ಹೇಳಿದರು:

"ಆಕಿಗೆ ಕನ್ನಡ ಬಂದ್ರ ಆಕಿ ಉಳಿತಾಳ. ಆಕಿ ಉಳದ್ರ ನಮ್ಮ ಪದ್ದಿ ನಡೀತಾಳ. ನೀನ ಕಲಸು."

"ನಾನ? ನನಗ ನಮ್ಮ ಮಂದಿ ಮುಂದನ ಮಾತ ಹೊಂಡಂಗಿಲ್ಲ. ಬ್ಯಾರೆ ಯಾರನ್ನರ ನೋಡ್ರಿ."

"ಆಕಿಗೂ ಬರಂಗಿಲ್ಲ, ನಿನಗೂ ಬರಂಗಿಲ್ಲ. ಜೋಡಿ ಚಲೋ ಆಗತೈತಿ."

ಹಾನ್ನಾ ಸಂಜೆ ಕೇಂದ್ರ ಮುಚ್ಚಿಕೊಂಡು ನಮ್ಮ ಮನೆಗೆ ಬರತೊಡಗಿದಳು. ನಾನು ಒಂದನೆಯ ಇಯತ್ತೆಯ ಪುಸ್ತಕ ತೆರೆದು, ಅ ಅರಸ, ಆ ಆನೆ ಎಂದು ಶುರು ಮಾಡಿದೆ. ಕಲಿಸುವುದು ಎಂದರೆ ನನಗೆ ಗೊತ್ತಿದ್ದದ್ದು ಅಷ್ಟೇ. ಅವಳು ಪಾಪ, ಭಕ್ತಿಯಿಂದ ಅರಸ, ಆನೆ ಎಂದು ಹೇಳುತ್ತಿದ್ದಳು. "ಆಕಿ ಇಲ್ಲಿ ಅರಸನ ಕಾಲ ತಿಕ್ಕಾಕ ಬಂದಾಳೇನ?" ಎಂದು ನಿಮ್ಮ ಅಜ್ಜ ಕೇಳಿದ ಮೇಲೆ ನನಗೂ ನಗು ಬಂದು ಪುಸ್ತಕ ಮುಚ್ಚಿದೆ.

ಆಮೇಲೆ ಅವಳೇ ಒಂದು ಉಪಾಯ ಮಾಡಿದಳು. ಮನೆಯ ಒಂದೊಂದು ಸಾಮಾನನ್ನೂ ಮುಟ್ಟಿ ನನ್ನ ಮುಖ ನೋಡುವುದು, ನಾನು ಹೆಸರು ಹೇಳುವುದು, ಅದನ್ನು ತನ್ನ ಲಿಪಿಯಲ್ಲಿ ಚೀಟಿಯ ಮೇಲೆ ಬರೆದು ಆ ಸಾಮಾನಿಗೇ ಅಂಟಿಸುವುದು. ಬಾಗಿಲು, ಬೀಸುವ ಕಲ್ಲು, ಕೊಡ, ಕಿಟಕಿ, ಎಲ್ಲಕ್ಕೂ ಚೀಟಿ ಬಂತು. ಈಗ ನಿಮ್ಮ ಅವ್ವ ಫೋನನ್ನು ಬಾಗಿಲಿಗೆ ಹಿಡಿದರೆ ಬಾಗಿಲಿನ ಮೇಲೆ ಜರ್ಮನ್ ಅಕ್ಷರ ತೇಲುತ್ತವೆಯಲ್ಲ, ಹಾಗೆಯೇ. ನಮ್ಮ ಚೀಟಿಗಳು ತೇಲುತ್ತಿರಲಿಲ್ಲ, ಗೋದಿ ಹಿಟ್ಟಿನ ಅಂಟಿಗೆ ಇರುವೆ ಹತ್ತುತ್ತಿದ್ದವು.

ನನ್ನ ಅತ್ತೆಗೆ ಇದು ಸರಿಬರಲಿಲ್ಲ. "ಮನಿ ಅಂಬೋದು ಪೋಸ್ಟ್ ಆಫೀಸ್ ಆತಲ್ಲ! ನನ್ನ ಹಣೀಗೂ ಒಂದ ಹಚ್ಚಿಬಿಡವಾ," ಎಂದರು. ಹಾನ್ನಾ ಅವರನ್ನೂ ಮುಟ್ಟಿ ನನ್ನ ಮುಖ ನೋಡಿದಳು. ನಾನು ಮೆಲ್ಲಗೆ "ಅತ್ತಿ" ಎಂದೆ. ಅದೇ ಅವರ ಹೆಸರೆಂದು ತಿಳಿದು ಅವಳು ಅಂದಿನಿಂದ ಅತ್ತಿ, ಅತ್ತಿ ಎಂದೇ ಕರೆದಳು. ಮುದುಕಿ ಕರಗಿದ್ದು ಅಲ್ಲಿಯೇ.

ಆದರೂ ಚೀಟಿಯಿಂದ ಮಾತು ಬರಲಿಲ್ಲ. ಅವಳು ಕೊಡ ಎನ್ನಬಲ್ಲಳು, ಕೊಡ ಕೊಡ್ರಿ ಎನ್ನಲಾರಳು.

ಆ ಹೊತ್ತಿಗೆ ನಿಮ್ಮ ಅಜ್ಜ ಗೋಕಾಕದಿಂದ ಪದ್ಮಜಾಳಿಗೆಂದು ಒಂದು ಬುಟ್ಟಿ ಬಣ್ಣದ ಹಣ್ಣು ತಂದರು. ಗೋಕಾಕದ ಚಿತ್ರಗಾರರು ಮಾಡುವ ಆ ಹಣ್ಣುಗಳನ್ನು ನೀವು ನಮ್ಮ ಕಪಾಟಿನಲ್ಲಿ ನೋಡಿದ್ದೀರಿ. ಮಣ್ಣು, ಕಟ್ಟಿಗೆ ಎಂದು ಗೊತ್ತಿದ್ದರೂ ಮೂಸಿ ನೋಡಬೇಕೆನಿಸುತ್ತದೆ. ಬಾಳೆಹಣ್ಣಿಗೆ ಕಪ್ಪು ಚುಕ್ಕಿ, ಬದನೆಕಾಯಿಗೆ ಮುಳ್ಳಿನ ತೊಟ್ಟು, ಸೀತಾಫಲಕ್ಕೆ ಕಣ್ಣು. ಹಾನ್ನಾ ಒಂದು ಪೇರಲ ಹಣ್ಣನ್ನು ಎತ್ತಿ ನಿಜವಾಗಿಯೂ ಮೂಸಿದಳು. ಮೋಸ ಹೋದದ್ದು ತಿಳಿದು ನಕ್ಕಳು. ಆಮೇಲೆ ಏನೋ ಹೊಳೆದಂತೆ ಎದ್ದು, ಚಪ್ಪಲಿ ಮೆಟ್ಟಿಕೊಂಡು ಹೊರಗೆ ಹೋಗಿ, ಕೈಯಲ್ಲಿ ಚೀಲ ಹಿಡಿದು ಮತ್ತೆ ಒಳಗೆ ಬಂದಳು. ಪೇಟೆಗೆ ಬಂದವಳ ಹಾಗೆ ಆಚೆ ಈಚೆ ನೋಡಿದಳು. ಬುಟ್ಟಿಯ ಮುಂದೆ ಕೂತಿದ್ದ ನಾನು ಅಂಗಡಿಕಾರಳಾಗಿದ್ದೆ.

ಮಕ್ಕಳೇ, ಆ ಮೊದಲು ನಾನು ಪೇಟೆಯಲ್ಲಿ ಬಾಯಿ ತೆರೆದವಳಲ್ಲ. ಅತ್ತೆ ಕೊಳ್ಳುತ್ತಿದ್ದರು, ನಾನು ಚೀಲ ಹಿಡಿಯುತ್ತಿದ್ದೆ. ಆದರೆ ಆವತ್ತು ಸೆರಗು ಸೊಂಟಕ್ಕೆ ಸಿಕ್ಕಿಸಿದ್ದೇ ತಡ, "ಬರ್ರಿ ಬಾಯಾರ, ಬರ್ರಿ! ಈಗ ಗಿಡದಿಂದ ಇಳಿಸೇವಿ! ಎಷ್ಟ ಬೇಕ್ರಿ?" ಎಂಬ ದನಿ ಹೊರಟಿತು. ಗೋಕಾಕದ ಸಂತೆಯಲ್ಲಿ ಕೇಳಿದ್ದ ಯಾವುದೋ ಗಟ್ಟಿ ಹೆಂಗಸಿನ ದನಿ. ಒಳಗಿನಿಂದ ಅತ್ತೆ ಲಟ್ಟಣಿಗೆ ಹಿಡಿದುಕೊಂಡೇ ಓಡಿ ಬಂದರು. ಅಂಗಡಿ ಸುಳ್ಳು, ಹಣ್ಣು ಸುಳ್ಳು, ಕೂಗುವವಳೂ ನಾನಲ್ಲ. ನಾಚಿಕೊಳ್ಳುವವಳು ಅಲ್ಲಿ ಯಾರೂ ಇರಲಿಲ್ಲ.

ದಿನಾಲೂ ಅಂಗಡಿ ಹೂಡಿದೆವು. ಪದ್ಮಜಾ ನನ್ನ ತೊಡೆಯ ಮೇಲೆ ಕಾಲು ಚಾಚಿ ಮಲಗಿ ದುಡ್ಡಿನ ಗಲ್ಲಾ ಡಬ್ಬಿ ಕಾಯುತ್ತಿದ್ದಳು. ಒಂದು ಕೈಯಲ್ಲಿ ಅವಳ ಮೊಣಕಾಲು ನೀವುವುದು, ಇನ್ನೊಂದು ಕೈಯಲ್ಲಿ ತೂಗುವುದು. ಒಮ್ಮೆ ನೀವಿ ನಿಲ್ಲಿಸಿದರೆ ಅವಳೇ, "ನೋಖ್ ಮಾಲ್!" ಎಂದು ಹುಕುಂ ಮಾಡುವಳು. ಅದು ಚಾತುರ್ಮಾಸ, ಮಳೆಗಾಲದ ನಾಲ್ಕು ತಿಂಗಳ ವ್ರತ. ಮನೆಯಲ್ಲಿ ಉಳ್ಳಾಗಡ್ಡಿ ಇರಲಿಲ್ಲ. ಬುಟ್ಟಿಯಲ್ಲಿದ್ದ ಬಣ್ಣದ ಉಳ್ಳಾಗಡ್ಡಿಯನ್ನೂ ಅತ್ತೆ ಎತ್ತಿ ಹೊರಗಿನ ಕಟ್ಟೆಯ ಮೇಲಿಟ್ಟರು.

"ಅದು ಮಣ್ಣಿಂದರಿ, ಅತ್ತಿ," ಎಂದೆ ನಾನು.

"ಮಣ್ಣಿಂದಾದ್ರೂ ಉಳ್ಳಾಗಡ್ಡೀನ. ನೋಡಿದ್ರ ನೆನಪ ಆಗತೈತಿ, ನೆನಪಾದ್ರ ತಿನಬೇಕ ಅನಸ್ತೈತಿ."

ಹೀಗೆ ಆ ನಾಲ್ಕು ತಿಂಗಳು ನಮ್ಮ ಸುಳ್ಳು ಅಂಗಡಿಯಲ್ಲೂ ಉಳ್ಳಾಗಡ್ಡಿ ಸಿಗಲಿಲ್ಲ. ಆದರೆ ಅತ್ತೆ ತಾವೇ ಗಿರಾಕಿಯಾಗಿ ಬಂದು ಕೂಡತೊಡಗಿದರು. ಕೊಳ್ಳುವವರು ಹೇಗೆ ಕೊಂಕು ಮಾತಾಡಬೇಕು, ಹೇಗೆ ಎದ್ದು ಹೊರಟಂತೆ ಮಾಡಿ ತಿರುಗಬೇಕು, ಎಲ್ಲ ಹಾನ್ನಾಳಿಗೆ ಅವರೇ ಕಲಿಸಿದ್ದು. ಕುಂಬಳಕಾಯಿ ಅರ್ಧ ಬೇಕಾದರೆ ಅಂಗೈಯನ್ನು ಕತ್ತಿಯ ಹಾಗೆ ಮಾಡಿ ನಡುವೆ ಹೊಡೆದು ತೋರಿಸುವುದನ್ನೂ ಅವರೇ ಕಲಿಸಿದರು.

ಒಂದು ಮಾತಿಗೆ ಮಾತ್ರ ನಮ್ಮಿಬ್ಬರಲ್ಲಿ ಜಗ್ಗಾಟವಾಯಿತು. ನಮ್ಮ ಕಡೆ ಪೇಟೆಯಲ್ಲಿ ಎಲ್ಲರೂ ಪಾವಕಿಲೋ ಎನ್ನುತ್ತಾರೆ. ಪರದೇಶದವಳು ಕಲಿಯುತ್ತಿದ್ದಾಳೆ, ಪುಸ್ತಕದ ಚಂದ ಕನ್ನಡವನ್ನೇ ಕಲಿಯಲಿ ಎಂದು ನಾನು ಕಾಲು ಕಿಲೋ ಎಂದು ಕಲಿಸಿದೆ. ಕಾಲು, ಅರ್ಧ, ಮುಕ್ಕಾಲು. "ಪಾವ ಅನ್ನ, ಸುನಂದಾ. ಯಾರಿಗಿ ತಿಳೀಬೇಕ ನಿನ್ನ ಸಾಲಿ ಮಾತು?" ಎಂದು ಅತ್ತೆ ಗೊಣಗಿದರು. ಅಪರೂಪಕ್ಕೆ ನಾನು ಹಟ ಹಿಡಿದೆ.

ನವರಾತ್ರಿಯ ಹೊತ್ತಿಗೆ ಹಾನ್ನಾ ಹುಕ್ಕೇರಿಯ ನಿಜವಾದ ಸಂತೆಯಲ್ಲಿ ಬದನೆಕಾಯಿ ಎತ್ತಿ, "ಅಯ್ಯ, ಇದರಾಗ ಹುಳ ಐತಿ! ಯಾರ ಒಯ್ತಾರ ಇದನ್ನ?" ಎಂದುಬಿಟ್ಟಳು. ಮಾರುವವನು ತಬ್ಬಿಬ್ಬಾಗಿ ಎರಡು ಕಾಯಿ ಹೆಚ್ಚು ಹಾಕಿದ. ನಾನು ಅವಳ ಹಿಂದೆ ಚೀಲ ಹಿಡಿದು ನಿಂತಿದ್ದೆ. ಅಷ್ಟು ಹೆಮ್ಮೆ ನನಗೆ ಅದಕ್ಕಿಂತ ಮೊದಲು ಆಗಿರಲಿಲ್ಲ. ಕೇಂದ್ರದಲ್ಲಿ ತಾಯಂದಿರೂ ಅವಳ ಮಾತಿಗೆ ನಗುತ್ತ ನಗುತ್ತ ಹೊಂದಿಕೊಂಡಿದ್ದರು. ಪದ್ಮಜಾಳ ಮೊಣಕಾಲು ಮುಕ್ಕಾಲು ಪಾಲು ನೆಟ್ಟಗಾಗಿತ್ತು. ಇನ್ನೆರಡು ತಿಂಗಳು ಹೀಗೆಯೇ ನಡೆದರೆ ಬೂಟಿಗೆ ಅಳತೆ ಕೊಡಬಹುದು ಎಂದು ಡಾಕ್ಟರು ಹೇಳಿದ್ದರು.

ನನ್ನ ತವರೂರು ತುಕ್ಕಾನಟ್ಟಿಯಿಂದ ಬಾಳವ್ವ ಎಂಬಾಕೆ ತನ್ನ ಮಗ ಸಿದ್ದುವನ್ನು ಕರೆದುಕೊಂಡು ಬರುತ್ತಿದ್ದಳು. ನನಗಿಂತ ಹಿರಿಯಳು, ಬಾಳಕ್ಕ ಎಂದೇ ನಾನು ಕರೆಯುವುದು. ಕೇಂದ್ರದ ವಿಷಯ ಹೇಳಿ ಕರೆಸಿದವಳೂ ನಾನೇ. ಸಿದ್ದುವಿನ ಕಾಲಿನದು ಪದ್ಮಜಾಳ ತೊಂದರೆಗೆ ತದ್ವಿರುದ್ಧ, ಅವನ ಮೊಣಕಾಲು ಮಡಚುತ್ತಲೇ ಇರಲಿಲ್ಲ. ಮಗ ಅಳುತ್ತಾನೆಂದು ಬಾಳಕ್ಕ ಒಂದಿಷ್ಟೇ ಮಡಚಿ ಬಿಟ್ಟುಬಿಡುತ್ತಿದ್ದಳು. ದಸರೆಯಾದ ವಾರ ಹಾನ್ನಾ ಅವಳ ಎದುರು ಕೂತು, ಇಷ್ಟು ಸಾಲದು, ಅರ್ಧದಷ್ಟಾದರೂ ಮಡಚಬೇಕು ಎಂದು ಹೇಳಹೋದಳು. ನನ್ನ ಅಂಗಡಿಯಲ್ಲಿ ಕಲಿತದ್ದನ್ನೇ ಹೇಳಿದಳು:

"ಕಾಲು ಬ್ಯಾಡ. ಅರ್ಧಾ ಬೇಕು."

ಹೇಳಿದವಳು ಸುಮ್ಮನಿರಲಿಲ್ಲ. ಅರ್ಧ ಎನ್ನುವಾಗ ಅಂಗೈಯನ್ನು ಕತ್ತಿ ಮಾಡಿ ಸಿದ್ದುವಿನ ಮೊಣಕಾಲ ಮೇಲೆ ಕುಂಬಳಕಾಯಿಗೆ ಹೊಡೆದ ಹಾಗೆ ಹೊಡೆದು ತೋರಿಸಿದಳು.

ಬಾಳಕ್ಕ ಮಗನನ್ನು ಬಾಚಿಕೊಂಡು ಎದ್ದವಳು ಚಪ್ಪಲಿಯನ್ನೂ ಮೆಟ್ಟಲಿಲ್ಲ. ಸಂಜೆಯ ಬಸ್ಸಿನಲ್ಲಿಯೇ ಸುದ್ದಿ ಊರೂರು ತಲುಪಿತು. ಹುಕ್ಕೇರಿಯ ಬಿಳಿಬಾಯಾರು ಮಕ್ಕಳ ಕಾಲು ಅರ್ಧ ಕತ್ತರಿಸುತ್ತಾರಂತೆ. ನಿಮ್ಮ ಅಜ್ಜನಿಗೆ ಅವರ ಗಾಡಿಯಲ್ಲಿಯೇ ಯಾರೋ ಹೇಳಿದರು, "ಕಂಡಕ್ಟರ್ ಸಾಹೇಬ್ರ, ನಿಮ್ಮ ಮಗಳನ್ನ ಅಲ್ಲಿಗಿ ಒಯ್ಯಬ್ಯಾಡ್ರಿ."

ಎರಡೇ ದಿನಕ್ಕೆ ಕೇಂದ್ರದ ಚಾಪೆಯ ಮೇಲೆ ಪದ್ಮಜಾ ಒಬ್ಬಳೇ. ಅದರ ಮರುದಿನವೂ ಒಬ್ಬಳೇ. ಡಾಕ್ಟರು ಬೇಸರದಿಂದ, ಒಂದು ಮಗುವಿಗಾಗಿ ಅವಳನ್ನು ಇಲ್ಲಿ ಇಟ್ಟುಕೊಳ್ಳಲಾಗದು, ದೀಪಾವಳಿಗೆ ಕಳಿಸುತ್ತೇವೆ ಎಂದರು. ತಾನು ಏನು ತಪ್ಪು ಆಡಿದೆನೆಂದು ಹಾನ್ನಾಳಿಗೆ ತಿಳಿದಿರಲಿಲ್ಲ. ನಾನು ಪೇರಲ ಹಣ್ಣು ತೋರಿಸಿ "ಕಾಲು" ಎಂದೆ, ಆಮೇಲೆ ಅವಳ ಕಾಲು ಮುಟ್ಟಿ "ಕಾಲು" ಎಂದೆ. ಅವಳು ಕತ್ತಿ ಮಾಡಿದ್ದ ತನ್ನ ಅಂಗೈಯನ್ನು ನೋಡಿಕೊಂಡಳು. ಬಿಳಿ ಮುಖ ಇನ್ನೂ ಬಿಳಿಯಾಯಿತು. ಮನೆಯಲ್ಲಿ ಎಲ್ಲ ಸಾಮಾನಿಗೂ ಚೀಟಿ ಅಂಟಿಸಿದವಳು ಒಂದನ್ನು ತನ್ನ ಕಾಲಿಗೂ ಅಂಟಿಸಿಕೊಂಡಿದ್ದರೆ ಆಗುತ್ತಿತ್ತಲ್ಲ ಎಂದು ನಾನು ಎಷ್ಟೋ ಸಲ ಅಂದುಕೊಂಡಿದ್ದೇನೆ. ಚಪ್ಪಲಿಗಿತ್ತು ಚೀಟಿ, ಕಾಲಿಗಿರಲಿಲ್ಲ.

"ಬಾಳವ್ವಗ ಯಾರರ ಹೋಗಿ ಹೇಳಬೇಕು," ಎಂದೆ ನಾನು.

"ಯಾರರ ಅಂದ್ರ ಯಾರು?" ಎಂದು ನಿಮ್ಮ ಅಜ್ಜ ಕೇಳಿದರು. "ನಿನ್ನ ತವರೂರು, ನೀ ಕಲಿಸಿದ ಮಾತು. ನಾಳೆ ನನ್ನ ಗಾಡಿ ಮೂಡಲಗಿಗಿ ಐತಿ. ಇಬ್ಬರೂ ಹತ್ತಿ ಕುಂಡ್ರಿ."

ಮರುದಿನ ಪದ್ಮಜಾಳನ್ನು ಹಾನ್ನಾ ತೊಡೆಯ ಮೇಲೆ ಕೂರಿಸಿಕೊಂಡಳು. ನನ್ನ ತೊಡೆಯ ಮೇಲೆ ಬಣ್ಣದ ಹಣ್ಣಿನ ಬುಟ್ಟಿ. ಬುಟ್ಟಿಯನ್ನು ಯಾಕೆ ತಂದೆನೆಂದು ನನಗೇ ಗೊತ್ತಿರಲಿಲ್ಲ, ಬರಿಗೈಯಲ್ಲಿ ಹೊರಡಲು ಧೈರ್ಯವಾಗಲಿಲ್ಲ. ಮಳೆ ಹಿಂದೆ ಸರಿದಿತ್ತು. ಧುಪದಾಳದ ಹತ್ತಿರ ಒಡ್ಡಿನ ಮೇಲಿಂದ ಇನ್ನೂ ನೀರು ಬೀಳುತ್ತಿದ್ದ ಸದ್ದು, ಕಿಟಕಿಯಿಂದ ಬರುವ ಹಸಿ ಗಾಳಿ. ಗೋಕಾಕ ದಾಟಿದ ಮೇಲೆ ಎರಡೂ ಕಡೆ ಕಬ್ಬು, ಗೋವಿನಜೋಳ. ನಿಮ್ಮ ಅಜ್ಜ ಬಾಗಿಲಲ್ಲಿ ನಿಂತು ಊರುಗಳ ಹೆಸರು ಕೂಗುತ್ತಿದ್ದರು. ದಿನವಿಡೀ ಹೀಗೆ ಕೂಗುವವರ ಹೆಂಡತಿಗೆ ಒಂದು ಓಣಿಯಲ್ಲಿ ನಾಲ್ಕು ಮಾತು ಆಡಲು ಇಷ್ಟು ಅಂಜಿಕೆಯೇ ಎಂದು ನನ್ನ ಮೇಲೆ ನನಗೇ ಸಿಟ್ಟು ಬಂತು.

ತುಕ್ಕಾನಟ್ಟಿಯಲ್ಲಿ ಇಳಿದು ಹೋದ ನಮ್ಮನ್ನು ಕಂಡ ಕೂಡಲೇ ಬಾಳಕ್ಕ ಮಗನನ್ನು ಒಳಗೆ ಎಳೆದುಕೊಂಡು ಬಾಗಿಲು ಹಾಕಿದಳು.

"ಬಾಳಕ್ಕ, ಬಾಗಲಾ ತಗಿ. ಮಾತ ತಪ್ಪಾಗೇತಿ," ಎಂದೆ.

ಒಳಗಿನಿಂದ ಅವಳ ಅಳು ಬೆರೆತ ದನಿ. "ನಿನ್ನ ನಂಬಿ ಬಂದಿದ್ನಿ ತಂಗೀ. ನನ್ನ ಮಗನ ಕಾಲ ಕತ್ತರಸಾಕ ಕರದಿದ್ದೇನ? ನಿನ್ನ ಮಗಳ ಕಾಲ ಮೊದಲ ಕತ್ತರಸ್ಕೋ, ಹೋಗ!"

ಓಣಿಯ ಹೆಂಗಸರು ಕೂಡಿದರು. ಸಣ್ಣವಳಿದ್ದಾಗಿನಿಂದ ನನ್ನನ್ನು ನೋಡಿದವರೇ. ಎಲ್ಲರೂ ಹಾನ್ನಾಳಿಂದ ದೂರ ನಿಂತಿದ್ದರು. ಒಬ್ಬಾಕೆ ತನ್ನ ಕೂಸನ್ನು ಸೆರಗಿನಲ್ಲಿ ಮುಚ್ಚಿಕೊಂಡಳು. ನಾನು ಬಾಯಿ ತೆರೆದೆ, ಏನೂ ಬರಲಿಲ್ಲ. ಅಲ್ಲಿಂದ ಓಡಿಹೋಗಿ ಬಸ್ಸಿಗೆ ಕಾಯುತ್ತ ಕೂತುಬಿಡಬೇಕು ಅನಿಸಿತು. ಆಗ ಕಟ್ಟೆಯ ಮೇಲೆ ಕೂರಿಸಿದ್ದ ಪದ್ಮಜಾ ಬುಟ್ಟಿ ನೋಡಿ, ಏನೂ ಆಗಿಲ್ಲವೆಂಬಂತೆ ಕೇಳಿದಳು:

"ಅವ್ವಾ, ಅಂಗಡಿ ಹೂಡೂದಿಲ್ಲೇನ?"

ನಾನು ಕಟ್ಟೆಯ ಮೇಲೆ ಕೂತೆ. ಹಣ್ಣುಗಳನ್ನು ಮನೆಯಲ್ಲಿ ಜೋಡಿಸುವ ಹಾಗೆಯೇ ಜೋಡಿಸಿದೆ. ಮುಂದೆ ಪೇರಲ, ಹಿಂದೆ ಬಾಳೆ, ಬದಿಗೆ ಬದನೆ. ಹಾನ್ನಾಳಿಗೆ ಹೇಳಬೇಕಾಗಲಿಲ್ಲ, ಅವಳು ಓಣಿಯ ತುದಿಯವರೆಗೆ ಹೋಗಿ ನಿಂತಳು. ನಾನು ಸೆರಗು ಸೊಂಟಕ್ಕೆ ಸಿಕ್ಕಿಸಿ, ಕಣ್ಣು ಮುಚ್ಚಿ, ಕೂಗಿದೆ.

"ಪೇರಲಾ ಪೇರಲ! ಬರ್ರಿ ಬಾಯಾರ, ಬರ್ರಿ! ಈಗ ಗಿಡದಿಂದ ಇಳಿಸೇವಿ!"

ಓಣಿಯವರು ಇನ್ನೂ ಎರಡು ಹೆಜ್ಜೆ ಹಿಂದೆ ಸರಿದರು. ಒಂದು ದಿನವೂ ದನಿ ಎತ್ತದ ಸುನಂದಿಗೆ ದೆವ್ವ ಹಿಡಿಯಿತೆಂದು ತಿಳಿದಿರಬೇಕು. ಹಾನ್ನಾ ಚೀಲ ಬೀಸುತ್ತ ಬಂದಳು.

"ಎಷ್ಟ ಬೇಕ್ರಿ ಬಾಯಾರ?"

"ಕಾಲು ಕಿಲೋ ಕೊಡ್ರಿ."

"ಕಾಲು ಬ್ಯಾಡ್ರಿ, ಅರ್ಧಾ ತಗೋರಿ!"

ಅದೇ ಮಾತು. ನನ್ನ ಬಾಯಿಂದ, ಪೇರಲ ಹಣ್ಣಿನ ಮೇಲೆ. ಎದುರು ಮನೆಯ ಮುದುಕಿಯೊಬ್ಬಳು ಎಲೆಯಡಿಕೆ ಉಗುಳಿ ಬಂದು, "ಅಯ್ಯ ಶಿವನ! ಪಾವಕಿಲೋಕ್ಕ ಕಾಲ ಅಂದಾಳಲ್ಲೇ ಬಾಳವ್ವಾ! ನಿನ್ನ ಮಗನ ಕಾಲಲ್ಲ, ಪಾವಕಿಲೋ!" ಎಂದು ಬಾಗಿಲು ಬಡಿದಳು. ಆಗ ಓಣಿಯೆಲ್ಲ ನಗು. ಹಾನ್ನಾ ತನ್ನ ಕಾಲು ಎತ್ತಿ ತೋರಿಸಿ, "ಇದು?" ಎಂದಳು. "ಕಾಲು!" ಎಂದರು ಹೆಂಗಸರು. ನನ್ನ ಮುಂದಿನ ಪೇರಲ ತೋರಿಸಿ, "ಇದು?" ಎಂದಳು. "ಪಾವ! ಪಾವ ಅನ್ನವಾ!" ಹಾನ್ನಾ ಹಣೆ ಬಡಿದುಕೊಂಡು, ನನ್ನ ಅತ್ತೆಯ ದನಿಯಲ್ಲಿಯೇ, "ಅಯ್ಯ ನನ್ನ ಹಣೇಬಾರ!" ಎಂದಳು.

ಬಾಗಿಲು ಒಂದಿಷ್ಟು ತೆರೆಯಿತು. ಬಾಳಕ್ಕ ನಗುತ್ತಿರಲಿಲ್ಲ. ಅವಳ ಕಣ್ಣು ಇದ್ದದ್ದು ಪದ್ಮಜಾಳ ಕಾಲಿನ ಮೇಲೆ. ಹೊಸಿಲಲ್ಲಿ ನಿಂತೇ, "ಅದನ್ನ ಚಾಚಿ ತೋರಸ್ರಿ," ಎಂದಳು. ಹಾನ್ನಾ ಕೂತು ಆ ಮೊಣಕಾಲನ್ನು ಮೆಲ್ಲಗೆ ಚಾಚಿದಳು. ಶ್ರಾವಣದಲ್ಲಿ ಕುಡುಗೋಲಿನ ಹಾಗೆ ಬಾಗಿದ್ದನ್ನು ಬಾಳಕ್ಕ ನೋಡಿದ್ದಳು. ಈಗ ಅದರ ಮತ್ತು ಕಟ್ಟೆಯ ಕಲ್ಲಿನ ನಡುವೆ ಎರಡು ಬೆರಳಷ್ಟೇ ಸಂದಿ.

"ನೋಖ್ ಮಾಲ್!" ಎಂದಳು ಪದ್ಮಜಾ.

ಬಾಳಕ್ಕ ಸಿದ್ದುವನ್ನು ಎತ್ತಿಕೊಂಡು ಹೊರಗೆ ಬಂದಳು. ಹಾನ್ನಾಳ ಎದುರು ಕೂತು, ಮಗನ ಕಾಲನ್ನು ತಾನೇ ಎತ್ತಿ ಅವಳ ಕೈಯಲ್ಲಿಟ್ಟಳು. "ಅರ್ಧಾ ಅಂದ್ರ ಎಷ್ಟ ಮಡಚಬೇಕ್ರಿ? ನನಗ ಸರಿಯಂಗ ತೋರಸ್ರಿ," ಎಂದಳು. ನಾನು ಅಲ್ಲಿಯೇ ಸೆರಗಿನಲ್ಲಿ ಮುಖ ಮುಚ್ಚಿಕೊಂಡೆ. ಅಷ್ಟರಲ್ಲಿ ಸಿದ್ದು ಒಂದು ಪೇರಲ ಎತ್ತಿ ಗಟ್ಟಿಯಾಗಿ ಕಚ್ಚಿ, ಬಾಯಿತುಂಬ ಮಣ್ಣು ಬಣ್ಣ ಮಾಡಿಕೊಂಡು ಕಿರುಚಿದ. ತಾಯಿ ಮಗನ ಕಾಲು ಮರೆತು ಬಾಯಿ ಒರೆಸುವ ಕೆಲಸಕ್ಕೆ ಹತ್ತಿದಳು.

ಮುಂದಿನ ವಾರ ನಿಮ್ಮ ಅಜ್ಜನ ಗಾಡಿಯಲ್ಲಿ ಬಾಳಕ್ಕ ಬಂದಳು, ಆ ಓಣಿಯ ಇನ್ನೊಬ್ಬಾಕೆಯೂ ಬಂದಳು. ಮಾತು ಹರಡಿದ ದಾರಿಯಲ್ಲಿಯೇ ನಗುವೂ ಹರಡಿತು. ದೀಪಾವಳಿಗೆ ಚಾಪೆ ಸಾಲದಾಯಿತು. ಡಾಕ್ಟರು ಹಾನ್ನಾಳನ್ನು ಕಳಿಸುವ ಮಾತು ಮತ್ತೆ ಎತ್ತಲಿಲ್ಲ. ನಾನು ಸಂಜೆ ಅಂಗಡಿ ಹೂಡುವುದನ್ನು ಬಿಡಲಿಲ್ಲ, ಆದರೆ ಈಗ ಮಧ್ಯಾಹ್ನ ಕೇಂದ್ರಕ್ಕೂ ಹೋಗಿ ತಾಯಂದಿರ ನಡುವೆ ಕೂಡುತ್ತಿದ್ದೆ. ಅಂಗಡಿಯಲ್ಲಿ ಕಲಿತ ಮಾತು ಅಲ್ಲಿ ಏನಾಗುತ್ತದೆ ಎಂದು ನೋಡಬೇಕಿತ್ತು. ಚಾತುರ್ಮಾಸ ಮುಗಿದ ದಿನ ಅತ್ತೆ ತಾವೇ ಬಣ್ಣದ ಉಳ್ಳಾಗಡ್ಡಿಯನ್ನು ಒಳಗೆ ತಂದು ಬುಟ್ಟಿಯಲ್ಲಿಟ್ಟು, "ಪಾವಕಿಲೋ ಕೊಡವಾ," ಎಂದರು.

ಜೂನಿನಲ್ಲಿ ಪದ್ಮಜಾ ಬಲಗಾಲಿಗೆ ಪಟ್ಟಿಯ ಬೂಟು ಹಾಕಿಕೊಂಡು, ಕೈಯಲ್ಲೊಂದು ಕೋಲು ಹಿಡಿದು ಸಾಲೆಗೆ ನಡೆದುಹೋದಳು. ಸಾಲೆಯ ಮೆಟ್ಟಿಲ ಹತ್ತಿರ ನಿಮ್ಮ ಅಜ್ಜ ಎತ್ತಿಕೊಳ್ಳಲು ಬಾಗಿದರೆ, ಅವಳು ಅವರ ಕೈ ಸರಿಸಿದಳು. ಒಂದು ಮೆಟ್ಟಿಲು ಹತ್ತಿ ನಿಂತಳು. ಕೆಳಗೆ ನಿಂತಿದ್ದ ಹಾನ್ನಾ ತುಟಿ ಕಚ್ಚಿಕೊಂಡಿದ್ದಳು. ನೋಖ್ ಮಾಲ್ ಎಂದವಳು ನಾನು. ಇಡೀ ಸಾಲೆಯ ಮುಂದೆ, ಯಾವ ಅಂಗಡಿಯೂ ಇಲ್ಲದೆ, ನನ್ನದೇ ದನಿಯಲ್ಲಿ.

ಅದೇ ತಿಂಗಳು ಹಾನ್ನಾಳ ವರ್ಷ ಮುಗಿಯಿತು. ಸಿದ್ದುವಿನ ಹಲ್ಲಿನ ಗುರುತಿದ್ದ ಪೇರಲವನ್ನು ಕೇಳಿ ತೆಗೆದುಕೊಂಡು ಹೋದಳು. ಹೊರಡುವಾಗ ಅತ್ತೆಯ ಕಾಲು ಮುಟ್ಟಿ, "ಕಾಲು," ಎಂದಳು. "ಹೌದವಾ, ಈಗ ಬಂತ ನೋಡ ನಿನಗ," ಎಂದು ಅತ್ತೆ ಕಣ್ಣೊರೆಸಿಕೊಂಡರು. ಈಗ ಅವಳು ಎಲ್ಲಿದ್ದಾಳೋ ತಿಳಿಯದು. ಅತ್ತೆಯೂ ಇಲ್ಲ, ನಿಮ್ಮ ಅಜ್ಜನೂ ಇಲ್ಲ.

ನಿಮ್ಮ ಅವ್ವನ ಕನ್ನಡಕದೊಳಗಿನ ಅಂಗಡಿಯನ್ನು ನಾನು ಹಗುರವಾಗಿ ನೋಡುವುದಿಲ್ಲ. ನನಗೆ ಮಾತು ಬಂದದ್ದೇ ಅಂಥ ಅಂಗಡಿಯಲ್ಲಿ. ಆದರೆ ಆ ಬ್ರೆಡ್ಡಿನ ಹೆಂಗಸು ಏನು ಕೇಳಿದರೂ ನಗುತ್ತಾಳೆ, ಕೂಸನ್ನು ಎತ್ತಿಕೊಂಡು ಓಡುವುದಿಲ್ಲ. ಅದಕ್ಕೇ ಇರಬೇಕು, ನಿಮ್ಮ ಅವ್ವ ಕನ್ನಡಕ ತೆಗೆಸಿದ ಮೇಲೆ ತನ್ನ ಹುಡುಗಿಯರನ್ನು ಎದುರುಬದುರು ಕೂರಿಸಿ, ಒಬ್ಬಳನ್ನು ರೋಗಿ ಮಾಡಿ, ಕೈ ಹಿಡಿಸಿ ಮಾತಾಡಿಸುತ್ತಾಳಂತೆ. ಹಾಗೆ ಮಾಡೆಂದು ಯಾರು ಹೇಳಿಕೊಟ್ಟರು ಎಂದು ಕೇಳಿದೆ. "ತುಕ್ಕಾನಟ್ಟಿ ಬಾಳವ್ವನ ಮನಿ ಕಟ್ಟಿ," ಎಂದಳು. ಅವಳಿಗೆ ನೆನಪಿದೆ ಎಂದು ನನಗೆ ಗೊತ್ತಿರಲಿಲ್ಲ.

ಈ ಹಾಳೆಗಳನ್ನು ಮಡಚಿ ಕಪಾಟಿನ ಬುಟ್ಟಿಯಲ್ಲಿ, ಸೀತಾಫಲದ ಕೆಳಗೆ ಇಡುತ್ತೇನೆ. ಮುಂದೆ ಬುಟ್ಟಿ ನಿಮ್ಮ ಮನೆಗೆ ಬಂದಾಗ ಹಣ್ಣುಗಳ ಜೊತೆ ಇವನ್ನೂ ಜೋಪಾನ ಮಾಡಿರಿ. ಓದಿ ಮುಗಿದ ಮೇಲೆ, ನೋಖ್ ಮಾಲ್. ಕೊನೆಗೆ ಒಂದು ಮಾತು: ಬಿಟ್ಟೆ. ಇದು ನಮ್ಮ ಕನ್ನಡದ್ದಲ್ಲ, ಹಾನ್ನಾಳದ್ದು.